ಒಂಬತ್ತನೇ ಚಾನೆಲ್ಲಿನ ಅಂಬಾದಾಸ

ಮೂರು ಕಂಪನಿಗಳು ಕೂಡಿ ಎರಡು ವರ್ಷ ಕೆಲಸ ಮಾಡಿದವು. ಅಷ್ಟು ದಿನದಲ್ಲಿ ಮೂವರೂ ಜಗಳವಿಲ್ಲದೆ ಒಪ್ಪಿದ್ದು ಒಂದೇ ಮಾತಿಗೆ. ಅದು ಅವರ ವರದಿಯ ಹನ್ನೊಂದನೇ ಪುಟದಲ್ಲಿದೆ: "ಸ್ಥಳೀಯ ಗುತ್ತಿಗೆ ತಂತ್ರಜ್ಞರು ಕಂಬದ ಕೆಲಸಗಾರರಿಗೆ ಪೂರ್ವಸೂಚನೆ ನೀಡಿರುವುದಿಲ್ಲ." ಕೆಳಗೆ ಮೂರು ಸೀಲು, ಮೂರು ಸಹಿ. ಆ ತಂತ್ರಜ್ಞನ ಹೆಸರು ಬರೆಯುವಷ್ಟು ಸೌಜನ್ಯವನ್ನೂ ಅವರು ತೋರಿಸಲಿಲ್ಲ. ಅವನ ಹೆಸರು ಅಂಬಾದಾಸ. ಊರು ತಿಕೋಟಾ. ವಿಜಯಪುರದ ಜಲನಗರದ ಹಿಂಬದಿಗೆ ಎರಡು ಕೋಣೆಯ ಬಾಡಿಗೆ ಮನೆ. ಆ ಸಾಲು ನೆನಪಾದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ನಾನು ಮಾಳು. ವೈರ್‌ಲೆಸ್ ಕಂಬ ನಿಲ್ಲಿಸುವುದು, ಏರುವುದು, ಅದರ ತುದಿಗೆ ಆಂಟೆನಾ ಕಟ್ಟುವುದು ನನ್ನ ಉದ್ಯೋಗ. ಆರನೇ ಇಯತ್ತೆಗೆ ಸಾಲೆ ಬಿಟ್ಟವನು. ಬರವಣಿಗೆ ನನ್ನ ಕೆಲಸವಲ್ಲ. ಆದರೆ ಅಂಬಾದಾಸನ ಬಗ್ಗೆ ಜಗತ್ತಿನಲ್ಲಿ ಇರುವ ಬರವಣಿಗೆ ಅಂದರೆ ಆ ಒಂದೇ ಸಾಲು ಅಂತಾದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಕುಳಿತಿದ್ದೇನೆ.

ಅವನ ತಂದೆ ಶಿವಾಜಿ ತಿಕೋಟಾದ ದ್ರಾಕ್ಷಿ ತೋಟಗಳಲ್ಲಿ ಕೂಲಿ ಮಾಡುತ್ತಿದ್ದರು. ಮನೆಯಲ್ಲಿ ಬಾಬಾಸಾಹೇಬರ ಫೋಟೋ, ಬುದ್ಧನ ಒಂದು ಸಣ್ಣ ಮೂರ್ತಿ, ಮತ್ತು ಕೆಟ್ಟುಹೋದ ಒಂದು ರೇಡಿಯೋ ಇದ್ದವು. ಆ ರೇಡಿಯೋ ಬಿಚ್ಚಿ ಮತ್ತೆ ಜೋಡಿಸಿದಾಗ ಅಂಬಾದಾಸನಿಗೆ ಹನ್ನೆರಡು ವರ್ಷ. ಜೋಡಿಸಿದ ಮೇಲೆ ಮೂರು ಸ್ಕ್ರೂ ಉಳಿದವು, ಆದರೂ ಅದು ಹಾಡಿತಂತೆ. ಹತ್ತನೆಯದು ಮುಗಿಸಿ ವಿಜಯಪುರಕ್ಕೆ ಬಂದು ಸೊಲ್ಲಾಪುರ ರಸ್ತೆಯ ಅಬ್ದುಲಸಮದ ಉಸ್ತಾದರ ರಿಪೇರಿ ಅಂಗಡಿ ಸೇರಿದ. ಉಸ್ತಾದರು ಮೊದಲ ಆರು ತಿಂಗಳು ಅವನ ಕೈಗೆ ಬೆಸುಗೆ ಹಾಕುವ ಕೈಯಾ ಕೊಡಲಿಲ್ಲ, ಬರೀ ಕೇಳು ಅಂದರು. ಯಾವ ಸೆಟ್ಟಿನ ಗೊರಗೊರ ಯಾವ ರೋಗದ್ದು ಅಂತ ಕಣ್ಣು ಮುಚ್ಚಿ ಹೇಳುವುದನ್ನು ಅವನು ಅಲ್ಲಿ ಕಲಿತ.

ಆಮೇಲೆ ಸರಕಾರಿ ವೈರ್‌ಲೆಸ್ ಕೋಣೆಯಲ್ಲಿ ಕೆಲಸ ಸಿಕ್ಕಿತು. ಹನ್ನೊಂದು ತಿಂಗಳ ಗುತ್ತಿಗೆ. ಹನ್ನೊಂದು ತಿಂಗಳಾದ ಮೇಲೆ ಒಂದು ದಿನ ಮನೆಯಲ್ಲಿ ಕೂರುವುದು, ಮರುದಿನ ಹೊಸ ಗುತ್ತಿಗೆ. ಹೀಗೆ ಹತ್ತೊಂಬತ್ತು ವರ್ಷ. ಆ ಒಂದು ದಿನ ಅವನು ಮನೆಯ ಎಲ್ಲ ಸ್ವಿಚ್ಚು ಬಿಚ್ಚಿ ಒರೆಸುತ್ತಿದ್ದ. ಅವನ ಹೆಂಡತಿ ಮಾಲಾ ಅದಕ್ಕೆ "ನಮ್ಮನಿಯವ್ರು ವರ್ಷಕ್ಕೊಮ್ಮೆ ನಿವೃತ್ತಿ ಆಗ್ತಾರ" ಅನ್ನುತ್ತಿದ್ದಳು.

ಸೆಟ್ಟು ಪರೀಕ್ಷೆ ಮಾಡುವಾಗ ಎಲ್ಲರೂ ಹಲೋ ಹಲೋ ಅನ್ನುತ್ತಾರೆ. ಅಂಬಾದಾಸ ಹಾಗನ್ನುತ್ತಿರಲಿಲ್ಲ. ಬಸ್ಸಿನ ವೇಳೆ ಓದುತ್ತಿದ್ದ. "ತಿಕೋಟಾ ಆರೂವರಿ, ಬಬಲೇಶ್ವರ ಏಳೂ ಹತ್ತು, ನಿಡೋಣಿ ಎಂಟೂ ಕಾಲು." ಹಲೋ ಅನ್ನುವುದು ಕೆಟ್ಟ ಸೆಟ್ಟಿನಲ್ಲೂ ತಿಳಿಯುತ್ತದೆ, ಅಂಕಿ ತಿಳಿದರೆ ಸೆಟ್ಟು ನೆಟ್ಟಗಿದೆ ಅಂತ ಅವನ ಲೆಕ್ಕ. ಎಷ್ಟೋ ಪೊಲೀಸರು ಅವನ ಸೆಟ್ಟು ಕೇಳಿಯೇ ಬಸ್ಸು ಹಿಡಿಯುತ್ತಿದ್ದರು.

ನನಗೂ ಅವನಿಗೂ ಗೆಳೆತನವಾದದ್ದು ಒಂದು ಜಗಳದಿಂದ. ಒಂದು ಹಳ್ಳಿಯಲ್ಲಿ ದೊಡ್ಡ ಮನೆಯೊಂದರ ಮಾಳಿಗೆಯ ಮೇಲೆ ಕಂಬ ನಿಲ್ಲಿಸುತ್ತಿದ್ದೆವು. ಮನೆಯವರು ನನ್ನನ್ನು ಒಳಗೆ ಕರೆದು ಸ್ಟೀಲಿನ ಲೋಟದಲ್ಲಿ ಚಹ ಕೊಟ್ಟರು. ಅವನಿಗೆ ಕಾಗದದ ಕಪ್ಪಿನಲ್ಲಿ, ಅಂಗಳದಲ್ಲಿ. ನಾನು ಲೋಟ ಒಗೆದೆ. ಮನೆಯವರ ಮೈಮೇಲೆ ಹೋದೆ. ಅಂಬಾದಾಸ ನನ್ನ ತೋಳು ಹಿಡಿದು ಹೊರಗೆ ತಂದು ಹೇಳಿದ್ದು ಇಷ್ಟೇ: "ನಿನ್ನ ಸಿಟ್ಟ ನನಗ ಏನೂ ಉಪಯೋಗಿಲ್ಲ ಮಾಳು. ಕಂಬ ಎರಡ ಬೆರಳ ಸೊಟ್ಟ ಐತಿ, ಅದನ್ನ ನೆಟ್ಟಗ ಮಾಡು." ಮೂರು ದಿನ ನಾನು ಅವನ ಜೊತೆ ಮಾತು ಬಿಟ್ಟೆ. ನಾಲ್ಕನೇ ದಿನ ನಾನೇ ಹೋದೆ. ಅಲ್ಲಿಂದ ಹದಿನೇಳು ವರ್ಷ ಕೂಡಿ ಕೆಲಸ ಮಾಡಿದೆವು.

ನಮ್ಮದೇ ಒಂದು ಪದ್ಧತಿ ಇತ್ತು. ಕಂಬ ಏರುವಾಗ ಎರಡೂ ಕೈ ಬೇಕು, ಸೆಟ್ಟಿನ ಗುಂಡಿ ಒತ್ತಿ ಮಾತಾಡಲು ಮೂರನೇ ಕೈ ಇಲ್ಲ. ಅದಕ್ಕೆ ನಾನು ಹಳೆಯ ಸೈಕಲ್ ಟ್ಯೂಬಿನಿಂದ ಒಂದು ರಿಂಗ್ ಕತ್ತರಿಸಿ ಗುಂಡಿಯ ಮೇಲೆ ಬಿಗಿದು, ಸೆಟ್ಟನ್ನು ಭುಜಕ್ಕೆ ಕಟ್ಟಿಕೊಂಡು ಏರುತ್ತಿದ್ದೆ. ಗುಂಡಿ ಒತ್ತಿದಂತೆಯೇ ಇರುತ್ತಿತ್ತು. ಆಗ ಕೆಳಗಿನವರ ಮಾತು ನನಗೆ ಕೇಳುವುದಿಲ್ಲ, ನನ್ನದು ಮಾತ್ರ ಅವರಿಗೆ ಕೇಳುತ್ತದೆ. ಅದಕ್ಕಂತಲೇ ಒಂಬತ್ತನೇ ಚಾನೆಲ್ ಬೇರೆ ಇಟ್ಟಿದ್ದೆವು. ಅದರಲ್ಲಿ ನಾವಿಬ್ಬರೇ. ಕೆಳಗೆ ಕುಳಿತು ಅವನು ನನ್ನ ಉಸಿರು ಕೇಳುತ್ತಿದ್ದ. ಉಸಿರು ಕೆಟ್ಟರೆ ಕಂಬಕ್ಕೆ ಕಲ್ಲಿನಿಂದ ಬಡಿಯುತ್ತಿದ್ದ. ಅಂದರೆ ಇಳಿ ಅಂತ. ಒಮ್ಮೆ ಮೇ ತಿಂಗಳ ಬಿಸಿಲಿಗೆ ನನಗೆ ತಲೆ ತಿರುಗುವುದು ನನಗೇ ಗೊತ್ತಾಗುವ ಮೊದಲು ಅವನಿಗೆ ಗೊತ್ತಾಗಿತ್ತು.

ಈಗ ಆ ಕಂಪನಿಗಳ ವಿಷಯ.

ನಮ್ಮಲ್ಲಿ ಪೊಲೀಸರ ಸೆಟ್ಟು ಒಂದು ನಮೂನೆ, ಅಗ್ನಿಶಾಮಕದವರದು ಒಂದು ನಮೂನೆ, ಅಂಬುಲೆನ್ಸಿನವರದು ಬರೀ ಮೊಬೈಲು. ನೆರೆ ಬಂದು ಮಿಲಿಟರಿಯವರು ದೋಣಿ ತಂದರೆ ಅವರದು ನಾಲ್ಕನೇ ನಮೂನೆ. ಒಬ್ಬರು ಕೂಗಿದ್ದು ಇನ್ನೊಬ್ಬರಿಗೆ ಕೇಳದು. ಹಿಂದೊಮ್ಮೆ ನೆರೆಯಲ್ಲಿ ಅಂಬಾದಾಸ ಮೇಜಿನ ಮೇಲೆ ನಾಲ್ಕೂ ಸೆಟ್ಟು ಇಟ್ಟುಕೊಂಡು, ಒಂದರಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಹೇಳುತ್ತ ನಾಲ್ಕು ದಿನ ಕುಳಿತಿದ್ದ. ಮಾಲಾ ಬುತ್ತಿ ತಂದು ಬಾಯಿಗೆ ತುತ್ತು ಇಡುತ್ತಿದ್ದಳು, ಅವನ ಕೈ ಖಾಲಿ ಇರುತ್ತಿರಲಿಲ್ಲ.

ಆ ಕೆಲಸವನ್ನೇ ಯಂತ್ರದಿಂದ ಮಾಡಿಸಬೇಕು ಅಂತ ಮೇಲಿನವರು ಮೂರು ಕಂಪನಿಗಳನ್ನು ಒಂದುಗೂಡಿಸಿದರು. ಒಬ್ಬರು ಸೆಟ್ಟು ಮಾಡುವವರು. ಇನ್ನೊಬ್ಬರು ಎಲ್ಲ ಚಾನೆಲ್‌ಗಳನ್ನು ಕೂಡಿಸುವ ಪೆಟ್ಟಿಗೆ ಮಾಡುವವರು. ಮೂರನೆಯವರು ಯಾರು ಎಲ್ಲಿದ್ದಾರೆ ಅಂತ ಪರದೆಯ ಮೇಲೆ ನಕಾಶೆ ತೋರಿಸುವವರು. ಒಬ್ಬರ ಯಂತ್ರಕ್ಕೆ ಇನ್ನೊಬ್ಬರದು ತಿಳಿಯಬೇಕು, ಮಿಲಿಟರಿಗೂ ಆಗಬೇಕು, ಅಂಬುಲೆನ್ಸಿಗೂ ಆಗಬೇಕು. ನಮ್ಮ ಜಿಲ್ಲೆಯಲ್ಲಿ ಪರೀಕ್ಷೆ ಪಾಸಾದರೆ ಉಳಿದ ಜಿಲ್ಲೆಗಳಿಗೂ ಅದೇ.

ಕಂಬ ನಿಲ್ಲಿಸುವ ಗುತ್ತಿಗೆ ನನಗೆ ಬಂತು. ಒಟ್ಟು ನಲವತ್ತು ಕಂಬ. ಅಂಬಾದಾಸನಿಗೆ ಬಂದದ್ದು ಒಂದು ಮಾತು: ಪರೀಕ್ಷೆ ಮುಗಿದ ಮೇಲೆ ಜಿಲ್ಲೆಯ ನಿರ್ವಹಣೆಗೆ ಒಬ್ಬರನ್ನು ಕಾಯಂ ತೆಗೆದುಕೊಳ್ಳುತ್ತೇವೆ, ಅದು ನೀವೇ. ಐವತ್ತೆರಡನೇ ವಯಸ್ಸಿನಲ್ಲಿ ಅವನ ಹೆಸರಿಗೆ ಮೊದಲ ಕಾಯಂ ಆರ್ಡರು. ಮಗಳು ವಿಶಾಖಾ ನರ್ಸಿಂಗ್ ಎರಡನೇ ವರ್ಷದಲ್ಲಿದ್ದಳು. "ಅಪ್ಪಾಜಿ, ಆರ್ಡರ್ ಬಂದ ದಿನ ನೀವು ಸ್ವಿಚ್ ಒರಸಂಗಿಲ್ಲ ಹೌದಿಲ್ಲೊ" ಅಂತ ಅವಳು ಚಾಷ್ಟಿ ಮಾಡಿದರೆ ಅವನು ನಾಚುತ್ತಿದ್ದ.

ಪರೀಕ್ಷೆಗೆ ಎರಡು ದಿನ ಮೊದಲು ಮೂರೂ ಕಂಪನಿಯವರ ಸಭೆ. ಕಂಬದ ಲೆಕ್ಕ ಹೇಳಲು ನಾನೂ ಹೋಗಿದ್ದೆ. ಅಂಬಾದಾಸ ಎದ್ದು ನಿಂತು ಒಂದು ಸೆಟ್ಟಿನ ಗುಂಡಿ ಒತ್ತಿ ಹಿಡಿದ. ಒಂದು ನಿಮಿಷ, ಎರಡು ನಿಮಿಷ, ಮೂರು ನಿಮಿಷ.

"ನೋಡ್ರಿ ಸಾಹೇಬ್ರ. ಒಬ್ಬಾಂವ ಗುಂಡಿ ಒತ್ತಿ ಹಿಡದ್ರ ಉಳದವ್ರ ಬಾಯಿ ಬಂದ್. ಒಂದ ನಿಮಿಷ ಆದ ಮ್ಯಾಲ ಅದು ತಾನ ಕಟ್ ಆಗಬೇಕ್ರಿ. ಆಗವಲ್ದು."

ಸೆಟ್ಟಿನ ಕಂಪನಿಯವನು, ಅದನ್ನು ಪೆಟ್ಟಿಗೆ ಕಟ್ ಮಾಡುತ್ತದೆ ಅಂದ. ಪೆಟ್ಟಿಗೆಯವನು, ಇಲ್ಲ, ಸೆಟ್ಟೇ ಮಾಡಬೇಕು ಅಂದ. ನಕಾಶೆಯವನು ಮೊಬೈಲು ನೋಡುತ್ತಿದ್ದ. ಕೊನೆಗೆ "ನೋಟ್ ಮಾಡಿಕೊಂಡಿದ್ದೇವೆ" ಅಂದರು. ಸಭೆಯ ಟಿಪ್ಪಣಿಯಲ್ಲಿ ಅದು ಇಲ್ಲ. ನಾನು ಆಮೇಲೆ ಹುಡುಕಿಸಿ ನೋಡಿದ್ದೇನೆ. ಮಧ್ಯಾಹ್ನದ ಊಟದ ಮೆನು ಇದೆ, ಇದು ಇಲ್ಲ.

ಪರೀಕ್ಷೆ ನಡೆದದ್ದು ಬಬಲೇಶ್ವರ ತಾಲೂಕಿನಲ್ಲಿ, ಡೋಣಿ ಹೊಳೆಯ ದಂಡೆಗೆ, ಹೋದ ವರ್ಷ ಸೆಪ್ಟೆಂಬರಿನಲ್ಲಿ. ಆಟ ಹೀಗಿತ್ತು: ಹೊಳೆಯ ನಡುವಿನ ದಿಬ್ಬದ ಮೇಲೆ ಒಬ್ಬ ಹೆಣ್ಣುಮಗಳು ಸಿಕ್ಕಿಬಿದ್ದಂತೆ ಕೂರುವುದು, ಸೆಟ್ಟಿನಲ್ಲಿ ಸುದ್ದಿ ಹೋಗುವುದು, ಎಲ್ಲ ಇಲಾಖೆಯವರೂ ಒಂದೇ ಜಾಲದಲ್ಲಿ ಮಾತಾಡಿ ದೋಣಿ ಕಳಿಸಿ ಅವಳನ್ನು ತರುವುದು. ಸಿಕ್ಕಿಬೀಳಲು ಒಪ್ಪಿದವಳು ನಿಡೋಣಿಯ ತಾಯವ್ವ. ಕುರಿ ಕಾಯುವವಳು, ಐವತ್ತರ ಆಸುಪಾಸು, ಮಾತಿನಲ್ಲಿ ಜೋರು. ಅವಳ ಜೊತೆ ಸೆಟ್ಟು ಹಿಡಿದುಕೊಂಡು ಮುನಾಫ ಅನ್ನುವ ಸ್ವಯಂಸೇವಕ ಇದ್ದ. ಹೊಳೆಯಲ್ಲಿ ಆಗ ಮೊಣಕಾಲು ನೀರು.

ಮುಂಜಾನೆಯೇ ನನಗೂ ಅಂಬಾದಾಸನಿಗೂ ಜಗಳ ಹತ್ತಿತು. ಕಂಪನಿಯ ಸಾಹೇಬರ ಎದುರಿಗೆ ಅವನು ನನಗೆ ಅಂದ, "ಮಾಳು, ಸೊಂಟಕ್ಕ ಬೆಲ್ಟ್ ಹಾಕ್ಕೊಂಡ ಏರು. ಇವತ್ತ ಭಂಡತನ ಬ್ಯಾಡ."

"ಹದಿನೇಳ ವರ್ಷ ಬೆಲ್ಟ್ ಇಲ್ದ ಏರೇನಿ. ಇವತ್ತ ಸೂಟಿನವ್ರು ಬಂದಾರಂತ ನನಗ ಕಲಸಾಕ ಬಂದಿ?"

"ಸೂಟಿನವ್ರ ಸಂಬಂಧ ಅಲ್ಲೋ. ಗಾಳಿ ಐತಿ."

"ಆರ್ಡರ್ ಇನ್ನೂ ಕೈಗ ಬಂದಿಲ್ಲ, ಈಗ ಸಾಹೇಬ ಆದಿ."

ಅವನ ಮುಖ ಸಣ್ಣದಾಯಿತು. ಆದರೂ ನಾನು ಬೆನ್ನು ತಿರುಗಿಸಿ ಹೊರಟಾಗ ಹಿಂದಿನಿಂದ ಬಂದು ಹೇಳಿದ. ಇದನ್ನು ನಾನು ಸರಿಯಾಗಿ ಬರೆಯಬೇಕು, ಇದೇ ಮುಖ್ಯ. ಅವನು ಹೇಳಿದ: "ಇನ್ನೊಂದ ಕೇಳು. ನಮ್ಮ ಒಂಬತ್ತನೇ ಚಾನೆಲ್ಲೂ ಪೆಟಗಿಗ ಕೂಡಿಸ್ಯಾರ. ನಾ ಬ್ಯಾಡ ಅಂದೆ, ಕೇಳಲಿಲ್ಲ, ನಕಾಶೆದಾಗ ಲೆಕ್ಕ ಹೆಚ್ಚಿಗಿ ಕಾಣಬೇಕಂತ. ಇವತ್ತ ಗುಂಡಿಗೆ ರಿಂಗ್ ಹಾಕಬ್ಯಾಡ. ಕೇಳಿದಿಲ್ಲೊ?"

ನಾನು ತಿರುಗಿ ನೋಡದೆ ನಡೆದೆ. ಆದರೆ ಕೇಳಿಸಿತ್ತು. ಕೇಳಿಸಿರಲಿಲ್ಲ ಅಂತ ನಾನು ಹೇಳಲಾರೆ.

ಹನ್ನೊಂದೂವರೆಗೆ ಗಾಳಿಗೆ ಆಂಟೆನಾ ತಿರುಗಿತು. ಅರವತ್ತು ಅಡಿ ಕಂಬ, ಕಂಟ್ರೋಲ್ ಟೆಂಟಿನಿಂದ ಅರ್ಧ ಮೈಲಿ ದೂರ, ನಡುವೆ ಎರೆಮಣ್ಣಿನ ಹೊಲ. ನಾನು ಏರಿದೆ. ಏರುವ ಮೊದಲು ಕಿಸೆಯಿಂದ ರಿಂಗ್ ತೆಗೆದು ಗುಂಡಿಗೆ ಹಾಕಿದೆ. ಅದು ರೂಢಿಯೋ, ಅವನು ಹೇಳಿದ್ದಕ್ಕೇ ಹಾಕಿದ್ದೋ, ಎಷ್ಟು ಸಲ ಕೇಳಿಕೊಂಡರೂ ನನಗೆ ಒಂದೇ ಉತ್ತರ ಬರುವುದಿಲ್ಲ. ಸಿಟ್ಟಿನಲ್ಲಿದ್ದೆ. ಮೇಲೆ ಹೋಗಿ ಬೋಲ್ಟು ಬಿಗಿಯುತ್ತ ಕಂಪನಿಯವರನ್ನು ಅವರ ಮೂರು ತಲೆಮಾರು ಹಿಡಿದು ಬೈಯುತ್ತಿದ್ದೆ. ಅದೆಲ್ಲ ಅತಿಥಿಗಳ ಪೆಂಡಾಲಿನ ಸ್ಪೀಕರಿನಲ್ಲಿ ಕೇಳಿತಂತೆ. ಮೊದಲು ಕೆಲವರು ನಕ್ಕರಂತೆ.

ಅದೇ ಹೊತ್ತಿಗೆ ಹೊಳೆಯ ಮೇಲ್ಭಾಗದ ಜತ್ತ ಕಡೆ ಬಿದ್ದ ಮಳೆಯ ನೀರು ಬಂತು. ಡೋಣಿಗೆ ನೀರು ಬಂದರೆ ಹೇಳಿ ಬರುವುದಿಲ್ಲ. ಮುನಾಫ ಸೆಟ್ಟಿನಲ್ಲಿ ಕೂಗಿದ. ನನ್ನ ಬೈಗುಳದ ಕೆಳಗೆ ಅವನ ಕೂಗು ಯಾರಿಗೂ ಕೇಳಲಿಲ್ಲ. ಕೆಳಗಿನ ತಿರುವಿನಲ್ಲಿ ದೋಣಿಯವರು ಸೆಟ್ಟಿನ ಆದೇಶಕ್ಕಾಗಿ ಕಾಯುತ್ತ ಕುಳಿತಿದ್ದರು. ಆದೇಶವಿಲ್ಲದೆ ಹೊರಡಬೇಡಿ ಅಂತ ಅವರಿಗೆ ಹೇಳಿದ್ದರು. ಪರೀಕ್ಷೆಯೇ ಅದರದಲ್ಲವೇ.

ಟೆಂಟಿನಲ್ಲಿ ಅಂಬಾದಾಸನಿಗೆ ಒಂದು ಉಸಿರಿಗೇ ಗೊತ್ತಾಯಿತು ಇದು ಯಾರು ಅಂತ. ಒಂಬತ್ತನೇ ಚಾನೆಲ್ ಬಿಡಿಸಲು ಪಾಸ್‌ವರ್ಡ್ ಬೇಕು. ಪಾಸ್‌ವರ್ಡ್ ಗೊತ್ತಿದ್ದ ಪೆಟ್ಟಿಗೆಯವನು ಪೆಂಡಾಲಿನಲ್ಲಿ ಅತಿಥಿಗಳಿಗೆ ವಿವರಿಸುತ್ತಿದ್ದ. ಅವನಿಗೆ ಆಳು ಕಳಿಸಿ, ಇವನು ಹೊಲಕ್ಕೆ ಬಿದ್ದು ಓಡಿದ. ಮಳೆಯಾದ ಎರೆಯಲ್ಲಿ ಓಡುವುದೆಂದರೆ ಹೆಜ್ಜೆಗೆ ಸೇರು ಮಣ್ಣು ಕಾಲಿಗೆ ಹತ್ತುತ್ತದೆ. ಚಪ್ಪಲಿ ಹೊಲದಲ್ಲೇ ಬಿಟ್ಟ. ಕಂಬಕ್ಕೆ ಕಲ್ಲು ಬಡಿದದ್ದು ನನಗೆ ಕೇಳಿತು. ಕೆಳಗೆ ನೋಡಿದೆ. ಅವನು ಎರಡೂ ಕೈಯಿಂದ ತನ್ನ ಭುಜ ಹಿಡಿದು ಕಿತ್ತು ಒಗೆಯುವ ಸನ್ನೆ ಮಾಡುತ್ತಿದ್ದ. ನಾನು ರಿಂಗ್ ಕಿತ್ತೆ. ಕಿತ್ತ ಕೂಡಲೇ ಸೆಟ್ಟಿನಲ್ಲಿ ಹತ್ತು ಜನರ ಕೂಗು ಒಂದೇ ಸಲ ಬಂತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಹದಿನಾಲ್ಕು ನಿಮಿಷ. ನಕಾಶೆಯವರ ಯಂತ್ರ ಅದೊಂದನ್ನು ಮಾತ್ರ ಸರಿಯಾಗಿ ಬರೆದಿಟ್ಟಿತ್ತು.

ದೋಣಿ ಹೋಯಿತು. ತಾಯವ್ವ ಬದುಕಿದಳು, ಮುನಾಫನೂ ಬದುಕಿದ. ಆದರೆ ಅಷ್ಟರಲ್ಲಿ ಸೆಳವು ಹೆಚ್ಚಾಗಿತ್ತು. ಅವಳನ್ನು ಹತ್ತಿಸುವಾಗ ದೋಣಿ ತಿರುಗಿ ಅವಳ ಬಲಗಾಲು ದೋಣಿಗೂ ಬಂಡೆಗೂ ನಡುವೆ ಸಿಕ್ಕಿತು. ಎರಡು ಕಡೆ ಮುರಿಯಿತು. ರಾಡ್ ಹಾಕಿದರು. ಈಗ ಕೋಲು ಹಿಡಿದು ನಡೆಯುತ್ತಾಳೆ, ಕುರಿಯ ಹಿಂದೆ ಹೋಗಲು ಆಗುವುದಿಲ್ಲ.

ದವಾಖಾನೆಗೆ ನಾವಿಬ್ಬರೂ ಹೋದೆವು. ಅಂಬಾದಾಸ ಬಾಗಿಲಲ್ಲೇ ನಿಂತ. ತಾಯವ್ವ ಕರೆದಳು. "ಬಾ ಯಪ್ಪಾ, ಒಳಗ ಬಾ. ಸಿಕ್ಕಂಗ ಮಾಡು ಅಂದ್ರಿ. ನಾ ಮಾಡೂ ಮೊದಲ ಖರೇನ ಸಿಕ್ಕೆ. ನನ್ನಂಥಾ ನಾಟಕದಾಕಿ ನಿಮಗ ಎಲ್ಲಿ ಸಿಗಬೇಕು."

ಅಷ್ಟು ಅಂದು ಅವಳು ಗೋಡೆಯ ಕಡೆ ಮುಖ ಮಾಡಿದಳು.

ಮೆಟ್ಟಿಲಿಳಿಯುವಾಗ ಅಂಬಾದಾಸ ಅಂದ, "ಪೆಟಗಿ ಕರೆಂಟ್ ವೈರ್ ಕಿತ್ತಿದ್ರ ಮುಗೀತಿತ್ತು ಮಾಳು. ಎಲ್ಲಾರೂ ತಮ್ಮ ತಮ್ಮ ಹಳೇ ಚಾನೆಲ್ಲಿಗೆ ಬೀಳತಿದ್ರು. ಒಂದ ವೈರು. ಮುಟ್ಟಬ್ಯಾಡ ಅಂತ ಬರದ ಕೊಟ್ಟಿದ್ರು. ಕೈ ಏಳಲಿಲ್ಲ."

ಆರ್ಡರಿನ ಆಸೆ ಅವನ ಕೈ ಹಿಡಿದಿತ್ತು. ಅದು ಅವನಿಗೂ ಗೊತ್ತು, ನನಗೂ ಗೊತ್ತು.

ವಾರದ ನಂತರ ಸೆಟ್ಟಿನ ಕಂಪನಿಯ ಸಾಹೇಬ ನನ್ನನ್ನು ಕರೆಸಿದ. ಚಹ ತರಿಸಿದ. ಇನ್ನೂ ಇಪ್ಪತ್ತೊಂಬತ್ತು ಕಂಬ ಉಳಿದಿವೆ, ಕೆಲಸ ನಿಲ್ಲುವುದಿಲ್ಲ, ಚಿಂತೆ ಬೇಡ ಅಂದ. ಆಮೇಲೆ ಬಹಳ ಮೆತ್ತಗೆ ಕೇಳಿದ: "ಮಾಳು ಅವರೇ, ಚಾನೆಲ್ ಕೂಡಿಸಿದ್ದನ್ನು ಅವತ್ತು ನಿಮಗೆ ಯಾರೂ ಹೇಳಿರಲಿಲ್ಲ, ಅಲ್ಲವೇ?"

ನನ್ನ ಕೈ ಕೆಳಗೆ ಹನ್ನೆರಡು ಆಳು. ನಾನು ಹೂಂ ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ತಲೆ ಸ್ವಲ್ಪ ಅಲ್ಲಾಡಿಸಿದೆ. ಹನ್ನೊಂದನೇ ಪುಟದ ಸಾಲು ಆ ತಲೆಯಾಟದಿಂದ ಬಂದದ್ದು. ಅವರ ಮೇಲಿನ ನನ್ನ ಸಿಟ್ಟು ಅದರಿಂದ ಕಡಿಮೆಯಾಗಿಲ್ಲ. ಗುಂಡಿ ತಾನೇ ಕಟ್ ಆಗದ್ದು ಅವರ ತಪ್ಪು, ಸಭೆಯಲ್ಲಿ ಹೇಳಿದ್ದನ್ನು ಬಿಟ್ಟದ್ದು ಅವರ ತಪ್ಪು. ಆದರೆ ಆ ಸಾಲಿನ ಸುಳ್ಳನ್ನು ಅವರಿಗೆ ಕೊಟ್ಟವನು ನಾನು.

ವಿಚಾರಣೆಗೆ ಅಮರಪ್ಪ ಅನ್ನುವ ಅಧಿಕಾರಿ ಬಂದಿದ್ದರು. ಕೆಟ್ಟವರಲ್ಲ. ಅಂಬಾದಾಸ ಅವರ ಎದುರಿಗೆ ನಿಂತು, ನಾನು ಹೇಳಿದ್ದೆ ಸಾಹೇಬ್ರ ಅಂದ. ಅವರು ಹೇಳಿದರು, "ನೀವು ಹೇಳಿದ್ರಿ ಅಂತ ನೀವ ಹೇಳಿದ್ರ ಹೆಂಗ? ಕಂಬದಾಂವನ ಕಡೆಯಿಂದ ಒಂದು ಹಾಳಿ ಬರಸ್ಕೊಂಡ ಬರ್ರಿ. ಎರಡ ಸಾಲ ಸಾಕು. ಮಂಗಳವಾರ ಫೈಲ್ ಕಳಸ್ತೀನಿ."

ಅವನು ನನ್ನ ಮನೆಗೆ ಬಂದ. ಹದಿನೇಳು ವರ್ಷದಲ್ಲಿ ಅವನು ನನ್ನ ಹತ್ತಿರ ಏನನ್ನಾದರೂ ಬೇಡಿದ್ದು ಅದೊಂದೇ ಸಲ.

"ನೀ ತಪ್ಪ ಮಾಡಿದಿ ಅಂತ ಬರೀಬ್ಯಾಡ. ಅದನ್ನ ಕೇಳಂಗಿಲ್ಲ ನಾ. ಅಂಬಾದಾಸ ಹೇಳಿದ್ದ, ಅಷ್ಟ ಬರಿ."

"ಬರದ ಕೊಡ್ತೇನಿ ಅಣ್ಣಾ. ಸೋಮವಾರ ನಾನ ತಂದ ಕೊಡ್ತೇನಿ."

ಅವನು ನಂಬಿದ. ನನ್ನ ಹೆಂಡತಿ ಸುವರ್ಣಾ ಕೊಟ್ಟ ಚಹ ಕುಡಿದು ಹೋದ. ಅವನ ಸ್ಕೂಟರಿನ ಸದ್ದು ದೂರವಾದ ಮೇಲೆ ಅವಳು ಕೇಳಿದಳು, "ಖರೇ ಬರೀತೀರಿ?" ನಾನು ಅವಳ ಮೇಲೆ ರೇಗಿದೆ.

ಸೋಮವಾರ ನಾನು ತಿಕೋಟಾ ಕಡೆ ಕಂಬ ನಿಲ್ಲಿಸಲು ಹೋದೆ. ಮೊಬೈಲು ಆರು ಸಲ ಬಡಿದುಕೊಂಡಿತು. ಎತ್ತಲಿಲ್ಲ. ಏಳನೇ ಸಲ ಬರಲಿಲ್ಲ.

ಮಂಗಳವಾರ ಫೈಲು ಹೋಯಿತು. ನಡೆಯುತ್ತಿದ್ದ ಗುತ್ತಿಗೆಯ ಹನ್ನೊಂದು ತಿಂಗಳು ಮುಗಿದ ಮೇಲೆ ಅಂಬಾದಾಸ ಒಂದು ದಿನ ಮನೆಯಲ್ಲಿ ಕುಳಿತ, ಮರುದಿನ ಹೊಸ ಗುತ್ತಿಗೆ ಬರಲಿಲ್ಲ. ಕಾಯಂ ಆರ್ಡರು ಬೇರೆ ಊರಿನ ಯಾರದೋ ಹೆಸರಿಗೆ ಬಂತು. ಪೆಟ್ಟಿಗೆಗೆ ಒಂದು ನಿಮಿಷದ ಕಟ್ ಕೂಡಿಸಿದರು, ಎರಡನೇ ಪರೀಕ್ಷೆ ಪಾಸಾಯಿತು, ಈಗ ಜಾಲ ಚೆನ್ನಾಗಿಯೇ ನಡೆಯುತ್ತದೆ. ನಲವತ್ತೂ ಕಂಬ ನಾನೇ ನಿಲ್ಲಿಸಿದೆ. ಅಂಬಾದಾಸ ತಿಕೋಟಾ ಬಸ್ ನಿಲ್ದಾಣದ ಹತ್ತಿರ ಒಂದು ಡಬ್ಬಿ ಅಂಗಡಿ ಹಿಡಿದು ಮಿಕ್ಸರು, ಫ್ಯಾನು ರಿಪೇರಿ ಮಾಡುತ್ತಾನೆ.

ಆ ಸೋಮವಾರದಿಂದ ಏಳು ತಿಂಗಳ ನಂತರ ನಾನು ಆ ಹಾಳೆ ಬರೆದೆ. ಎರಡು ಸಾಲಲ್ಲ, ಎರಡು ಪುಟ. ನನ್ನ ತಪ್ಪನ್ನೂ ಬರೆದೆ. ಅಮರಪ್ಪ ಸಾಹೇಬರ ಕಚೇರಿಗೆ ಹೋದೆ. ಅವರಿಗೆ ವರ್ಗವಾಗಿತ್ತು. ಹೊಸದಾಗಿ ಬಂದವರು, ಆ ಫೈಲು ಮುಗಿದಿದೆ, ಇದನ್ನು ಯಾವುದಕ್ಕೆ ಹಚ್ಚಲಿ ಅಂದರು. ಅಲ್ಲಿಂದ ಸೀದಾ ತಿಕೋಟಾಕ್ಕೆ ಹೋದೆ.

ಅವನು ಮಿಕ್ಸರಿನ ಹೊಟ್ಟೆ ಬಿಚ್ಚಿ ಕುಳಿತಿದ್ದ. ಕೈ ಒರೆಸಿಕೊಂಡು ಎರಡೂ ಪುಟ ಓದಿದ. ನಿಧಾನಕ್ಕೆ, ಬೆರಳಿಟ್ಟು. ಒಂದು ಕಡೆ ತಡೆದು, "ಗಾಳಿ ಇತ್ತು ಅಂದಿದ್ದೆ, ಅದನ್ನೂ ಬರದೀಯಲ್ಲ" ಅಂದ. ಆಮೇಲೆ ಮಡಿಸಿ ನನ್ನ ಕಡೆ ಚಾಚಿದ.

"ಇಟ್ಕೊ ಅಣ್ಣಾ. ನಿಂದ ಇದು."

"ನಂದಲ್ಲ. ಸೋಮವಾರ ನಂದಿತ್ತು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ತಡೆದುಕೊಳ್ಳಲು ಬರುತ್ತಿತ್ತು. "ವಿಶಾಖಾಗ ಕಡೀ ವರ್ಷ ಈಗ. ಸೊಲ್ಲಾಪುರದಾಗ ದವಾಖಾನಿ ಕೆಲಸ ನೋಡಾಕತ್ತಾಳ. ಚಹ ಹೇಳ್ಲಿ?"

ಚಹ ಬಂತು. ಇಬ್ಬರೂ ಕುಡಿದೆವು. ದುಡ್ಡು ನಾನು ಕೊಡಲು ಹೋದರೆ ಅವನು ಬಿಡಲಿಲ್ಲ.

ಆ ಎರಡು ಪುಟ ನನ್ನ ಹತ್ತಿರವೇ ಇವೆ. ಅವನಿಗೆ ಬೇಡ, ಸರಕಾರಕ್ಕೆ ಬೇಡ. ನಾನು ಅವನಿಗೆ ಕೊಡಬೇಕಾದದ್ದು ಇನ್ನೂ ಕೊಟ್ಟಿಲ್ಲ.